ಬೆಳ್ಳಿಯ ಮಾತು ಯಾರಿಗೆ ಕೇಳಿಸಿತು?

ಸತ್ಯ ಅಂದರೇನು, ಅದನ್ನು ತಿಳಿಯುವವರು ಯಾರು, ಈ ಬದುಕಿಗೆ ಅರ್ಥ ಇದೆಯೋ ಇಲ್ಲವೋ ಎಂದು ಕೇಳಿದ ಕೂಡಲೇ ನಮ್ಮ ಗೆಳೆಯರಲ್ಲಿ ಅನೇಕರು ಮುಖ ಕಿವುಚುತ್ತಾರೆ. ‘ಅದೆಲ್ಲ ಹೊಟ್ಟೆ ತುಂಬಿದೋರ ಮಾತು ಬಿಡ್ರಿ, ನಮಗೆ ಬೇಕಾಗಿರೋದು ಅನ್ನ, ಭೂಮಿ, ಮಾನ’ ಅನ್ನುತ್ತಾರೆ. ನಾವೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆವು. ಈಗ ನೋಡಿದರೆ, ಹಾಗೆ ಅಂದು ನಾವು ನಮ್ಮ ಪಾಲಿನ ಹೊಲವನ್ನೇ ಇನ್ನೊಬ್ಬರಿಗೆ ಬರೆದುಕೊಟ್ಟಂತಾಯಿತು. ಇದನ್ನು ನಾವು ಕಂಡುಕೊಂಡದ್ದು ಎಲ್ಲರೂ ಓದಿರುವ ಒಂದು ಕಾದಂಬರಿಯಿಂದ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು 1965ರಲ್ಲಿ. ನವ್ಯ ವಿಮರ್ಶೆ ಇದನ್ನು ಹೆಚ್ಚಾಗಿ ಪ್ರಾಣೇಶಾಚಾರ್ಯರ ಅಸ್ತಿತ್ವದ ಬಿಕ್ಕಟ್ಟು ಎಂದೇ ಓದಿತು. ನಾರಣಪ್ಪ ಸತ್ತಿದ್ದಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡಬೇಕೋ ಬೇಡವೋ? ವೇದಾಂತ ಶಿರೋಮಣಿಗಳಾದ ಆಚಾರ್ಯರು ತಾಳೆಗರಿ ಬಿಚ್ಚುತ್ತಾರೆ, ಉತ್ತರ ಇಲ್ಲ. ಮಾರುತಿಯ ಗುಡಿಗೆ ಹೋಗುತ್ತಾರೆ, ಅಲ್ಲೂ ಇಲ್ಲ. ಕಡೆಗೆ ಚಂದ್ರಿಯನ್ನು ಕೂಡಿ, ತಾನು ಯಾರು ಎಂಬ ಪ್ರಶ್ನೆ ಹೊತ್ತು ಅಲೆಯುತ್ತಾರೆ. ಈ ಅಲೆದಾಟದ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಪ್ರಬಂಧ ಬಂದಿವೆಯೋ ಲೆಕ್ಕ ಇಟ್ಟವರಿಲ್ಲ.

ನಾವು ಕೇಳುವುದು ಇಷ್ಟೆ. ಆ ಊರಿಗೆ ಪ್ಲೇಗು ಬಂದಿತ್ತಲ್ಲ, ಅದರ ಸುಳಿವು ಮೊದಲು ಯಾರಿಗೆ ಸಿಕ್ಕಿತ್ತು?

ಸಿಕ್ಕಿದ್ದು ಬೆಳ್ಳಿಗೆ. ಹೊಲಗೇರಿಯ ಹೆಣ್ಣು. ಗುಡಿಸಲಿಗೆ ಇಲಿಗಳು ಬಂದು ಬಿದ್ದು ಸಾಯುವುದನ್ನು ಕಂಡವಳು ಅವಳು. ಕೇರಿಯಲ್ಲಿ ಜನ ಸತ್ತದ್ದು, ಹೆಣದ ಸಮೇತ ಗುಡಿಸಲಿಗೆ ಬೆಂಕಿ ಕೊಟ್ಟದ್ದು ಎಲ್ಲವನ್ನೂ ಕಂಡವಳು. ಕಂಡದ್ದನ್ನು ಶ್ರೀಪತಿಯ ಹತ್ತಿರ ಬಾಯಿಬಿಟ್ಟು ಹೇಳಿದಳು ಕೂಡ. ಶ್ರೀಪತಿ ಅಗ್ರಹಾರದ ಹುಡುಗ, ಕತ್ತಲಲ್ಲಿ ಅವಳ ಮೈ ಬಯಸಿ ಬಂದವನು. ಅವಳ ಮೈ ಅವನಿಗೆ ಬೇಕಿತ್ತು, ಮಾತು ಬೇಕಿರಲಿಲ್ಲ. ಅವಳು ಬಾಯಿ ತೆಗೆದರೆ ಬರೀ ದೆವ್ವದ ಕಥೆ ಅಂತ ಅವನಿಗೆ ಬೇಸರ.

ಬೆಳ್ಳಿ ಅದನ್ನು ದೆವ್ವದ ಕೋಪ ಅಂದದ್ದು ನಿಜ. ಆದರೆ ಅಗ್ರಹಾರದವರು ಏನು ಮಾಡಿದರು? ಹದ್ದುಗಳು ಮನೆ ಮೇಲೆ ಬಂದು ಕೂತಾಗ ಅಪಶಕುನ ಅಂದು ಜಾಗಟೆ ಬಡಿದರು. ವಿವರಣೆಯಲ್ಲಿ ಇಬ್ಬರೂ ಎಡವಿದರು. ಆದರೆ ಬೆಳ್ಳಿ ಇಲಿಯನ್ನೂ ಹೆಣವನ್ನೂ ಒಟ್ಟಿಗೆ ಇಟ್ಟು ನೋಡಿದಳು, ಇವುಗಳಿಗೆ ಏನೋ ಸಂಬಂಧ ಇದೆ ಅಂತ ಅಂಜಿದಳು. ಜ್ಞಾನ ಹುಟ್ಟುವುದೇ ಹಾಗೆ. ಅವಳ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಅಗ್ರಹಾರದ ಎಷ್ಟೋ ಜೀವ ಉಳಿಯುತ್ತಿತ್ತೋ ಏನೋ.

ನಾವು ಅನಂತಮೂರ್ತಿಯವರಿಗೆ ಕಲ್ಲು ಹೊಡೆಯಲು ಬಂದಿಲ್ಲ. ಬೆಳ್ಳಿಯ ಮಾತನ್ನು ಬರೆದಿಟ್ಟವರೂ ಅವರೇ, ಶ್ರೀಪತಿಯ ಕಿವುಡನ್ನು ತೋರಿಸಿದವರೂ ಅವರೇ. ಆದರೆ ಕಾದಂಬರಿ ಕಡೆಗೆ ಆಚಾರ್ಯರ ಬೆನ್ನು ಹಿಡಿದು ಮೇಳಿಗೆಯ ಜಾತ್ರೆಗೆ ಹೋಗುತ್ತದೆ. ಕೇರಿ ಹಿಂದೆಯೇ ಉಳಿಯುತ್ತದೆ. ಅರ್ಥ ಹುಡುಕುವ ಹಕ್ಕು ಆಚಾರ್ಯರಿಗೆ, ಸಾಯುವ ಪಾಳಿ ಕೇರಿಗೆ. ವಿಮರ್ಶಕರಂತೂ ಬೆಳ್ಳಿಯನ್ನು ಮೈಯಾಗಿ ಮಾತ್ರ ಕಂಡರು. ಅಂದರೆ ಅವರೂ ಶ್ರೀಪತಿಯ ಹಾಗೇ ಓದಿದರು.

ಇದು ಒಂದು ಕಾದಂಬರಿಯ ಕಥೆ ಅಲ್ಲ, ನಮ್ಮ ದರ್ಶನಗಳ ಕಥೆಯೂ ಇದೇ. ಶಂಕರರು ಕಾಣುವ ಜಗತ್ತು ಮಿಥ್ಯೆ ಅಂದರು, ಹಗ್ಗದಲ್ಲಿ ಕಂಡ ಹಾವಿನಂತೆ ಅಂದರು. ಮಧ್ವರು ಅಲ್ಲ, ಜಗತ್ತು ಸತ್ಯ, ಭೇದವೂ ಸತ್ಯ ಅಂದರು. ಶತಮಾನಗಟ್ಟಲೆ ಜಗಳ. ಆದರೆ ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಬಂದಾಗ ಇಬ್ಬರದೂ ಒಂದೇ ಮಾತು: ಶೂದ್ರನಿಗೆ ವೇದಾಧ್ಯಯನದ ಅಧಿಕಾರ ಇಲ್ಲ. ಜಗತ್ತೇ ಮಿಥ್ಯೆಯಾದರೆ ಜಾತಿ ಒಂದು ಮಾತ್ರ ಹೇಗೆ ಗಟ್ಟಿಯಾಗಿ ಉಳಿಯಿತು ಸ್ವಾಮಿ? ‘ಸತ್ಯ ಯಾವುದು’ ಅನ್ನುವ ಪ್ರಶ್ನೆಗೆ ಮೊದಲೇ ‘ಕೇಳುವವನು ಯಾರು’ ಅನ್ನುವುದನ್ನು ಇಲ್ಲಿ ತೀರ್ಮಾನ ಮಾಡಿಯಾಗಿತ್ತು.

ಹಳೇ ಕಾಲ ಹೋಯಿತು ಅನ್ನುತ್ತೀರಾ? ಗೋಪಾಲ್ ಗುರು ಅವರು 2002ರಲ್ಲಿ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನದಲ್ಲಿ ಇದೇ ಗಾಯ ಮುಟ್ಟಿದರು. ನಮ್ಮ ಸಮಾಜ ವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವವರು ಒಂದು ಜಾತಿ, ವಿವರ ಒದಗಿಸುವವರು ಇನ್ನೊಂದು ಜಾತಿ ಆಗಿಬಿಟ್ಟಿದೆ ಎಂಬುದು ಅವರ ವಾದದ ತಿರುಳು. ಅನುಭವಿಸಿದವನಿಗೆ ಮಾತ್ರ ಸಿದ್ಧಾಂತ ಹೇಳುವ ಹಕ್ಕೇ ಎಂದು ಸುಂದರ್ ಸರುಕ್ಕೈ ಕೇಳಿದರು. ಇಬ್ಬರ ವಾಗ್ವಾದ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಎಂಬ ಪುಸ್ತಕವಾಗಿ ಬಂತು. ಇದು ನಮಗೆ ಹೊಸದಲ್ಲ. ಕನ್ನಡದ ಸಭೆಗಳಲ್ಲಿ ನಮ್ಮವರನ್ನು ವೇದಿಕೆಗೆ ಕರೆದು ‘ನಿಮ್ಮ ಅನುಭವ ಹೇಳಿ’ ಅನ್ನುತ್ತಾರೆ. ಅನುಭವ ಹೇಳಿ ಇಳಿದ ಮೇಲೆ ಅದರ ಅರ್ಥ ಹೇಳಲು ಬೇರೆ ಯಾರೋ ಎದ್ದು ನಿಲ್ಲುತ್ತಾರೆ. ಸೌದೆ ನಮ್ಮದು, ಒಲೆ ಅವರದು.

ಜ್ಞಾನ ಯಾವುದು ಎಂಬುದು ಬರೀ ಪುಸ್ತಕದ ಪ್ರಶ್ನೆಯೂ ಅಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಅರ್ಜಿ ಕೊಟ್ಟಾಗ ಕಾಣದಿದ್ದವರು ಆಗ ಕಣ್ಣಿಗೆ ಬಿದ್ದರು. 2013ರಲ್ಲಿ ಹೊಸ ಕಾಯಿದೆ ಬಂತು. ಅದರಲ್ಲಿ ಮಲ ಹೊರುವುದಕ್ಕೆ ಒಂದು ವ್ಯಾಖ್ಯೆ, ಚರಂಡಿ ಮತ್ತು ಮಲದ ಗುಂಡಿಯ ಅಪಾಯಕಾರಿ ಶುಚಿಗೆ ಇನ್ನೊಂದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಹೇಳಿತು: ಮಲ ಹೊರುವ ಕೆಲಸದಿಂದ ಸತ್ತವರ ವರದಿ ಇಲ್ಲ. ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರು ಇನ್ನೊಂದು ಪಟ್ಟಿಯಲ್ಲಿದ್ದರು. ಹೆಣ ಇದೆ, ಸಾವು ಇಲ್ಲ! ಇಂಥ ಮಾಯಾವಾದವನ್ನು ಯಾವ ಆಚಾರ್ಯರೂ ಹೇಳಿರಲಿಲ್ಲ.

ಹಾಗಾದರೆ ಅರ್ಥದ ಪ್ರಶ್ನೆಯನ್ನು ನಾವು ಹೇಗೆ ಕೇಳಬೇಕು? ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಅದೇ ಮನೆಯಲ್ಲಿ ಪುಟ್ಟಗೌರಿ ಗೋಡೆ ಮೇಲೆ ನವಿಲು ಬರೆಯುತ್ತಾಳೆ. ಹಸಿವು ತೀರಿದ ಮೇಲೆ ಬರೆಯೋಣ ಅಂತ ಅವಳು ಕಾಯಲಿಲ್ಲ. ‘ಮೊದಲು ಅನ್ನ, ಆಮೇಲೆ ಅರ್ಥ’ ಎಂಬ ನಮ್ಮ ಹಳೇ ಲೆಕ್ಕ ತಪ್ಪು ಅನ್ನುವುದಕ್ಕೆ ಆ ನವಿಲೊಂದು ಸಾಕು. ಹುಂಜ ಹುಡುಕುವ ಸಾಕವ್ವನ ಅಲೆದಾಟ ಆಚಾರ್ಯರ ಅಲೆದಾಟಕ್ಕಿಂತ ಯಾತರಲ್ಲಿ ಕಡಿಮೆ? ಅದನ್ನು ‘ದಲಿತ ಬದುಕಿನ ವಿವರ’ ಅಂತ ಒಂದು ಸಾಲಿನಲ್ಲಿ ಮುಗಿಸಿದ ವಿಮರ್ಶೆ ನಮ್ಮದೂ ಇದೆ.

ಬಾಬಾಸಾಹೇಬರು ಕಡೆಗಾಲದಲ್ಲಿ ರೋಗದ ದೇಹ ಹೊತ್ತು ಬರೆದದ್ದು ಯಾವ ಪುಸ್ತಕ? ‘ದಿ ಬುದ್ಧ ಅಂಡ್ ಹಿಸ್ ಧಮ್ಮ’. ಅವರು 1956ರ ಡಿಸೆಂಬರ್ 6ರಂದು ತೀರಿಕೊಂಡರು, ಪುಸ್ತಕ 1957ರಲ್ಲಿ ಹೊರಬಂತು. ಸಂವಿಧಾನದ ಕರಡು ಕಟ್ಟಿದ ಮನುಷ್ಯ, ದುಃಖ ಅಂದರೇನು, ಆತ್ಮ ಇದೆಯೇ, ಕರ್ಮ ಅಂದರೆ ಏನು ಎಂದು ಕೂತು ಕೇಳಿದರು. ದುಃಖ ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯದಲ್ಲೂ ಇದೆ ಎಂದು ಬುದ್ಧನನ್ನು ಹೊಸದಾಗಿ ಓದಿದರು. ಹಣೆಬರಹ ಎಂಬ ಸುಳ್ಳು ತಲೆಯೊಳಗೆ ಉಳಿದರೆ ಕಾಯಿದೆಯಿಂದ ಕೈಗೆ ಬಂದದ್ದೂ ನಿಲ್ಲುವುದಿಲ್ಲ ಎಂದೇ ಅವರ ಬರವಣಿಗೆಯಿಂದ ನಾವು ತಿಳಿದಿದ್ದೇವೆ.

ಆದ್ದರಿಂದ ಗೆಳೆಯರೇ, ತತ್ವಜ್ಞಾನ ನಮಗೆ ಬೇಡ ಅನ್ನುವುದನ್ನು ಇನ್ನು ಬಿಡೋಣ. ಭೂಮಿ ಕೇಳುವಾಗಲೇ ಇದನ್ನೂ ಕೇಳೋಣ. ‘ಸಂಸ್ಕಾರ’ವನ್ನು ಇನ್ನೊಮ್ಮೆ ತೆಗೆಯಿರಿ, ಈ ಸಲ ಕೇರಿಯ ಕಡೆಯಿಂದ ಓದಿರಿ. ಬೆಳ್ಳಿ ಇನ್ನೂ ಹೇಳುತ್ತಿದ್ದಾಳೆ.