ಎಣ್ಣೆ ಒರೆಸಿದವರ ಸ್ಕೈರೈಡರ್

ಡಗ್ಲಸ್ ಕಂಪನಿಯ ಸ್ಕೈರೈಡರ್ ವಿಮಾನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1944ರ ಜೂನ್ ತಿಂಗಳ ಒಂದು ರಾತ್ರಿಯಿಂದ ಶುರು ಮಾಡುತ್ತಾರೆ. ವಿನ್ಯಾಸಕಾರ ಎಡ್ ಹೈನ್‌ಮನ್ ವಾಷಿಂಗ್ಟನ್‌ನಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿಗಳ ಮುಂದೆ ಕೂತು, ತಮ್ಮದೇ ಕಂಪನಿಯ ಬಾಂಬರ್ ಯೋಜನೆಯನ್ನು ಕೈಬಿಡಿ, ಹೊಸದೊಂದನ್ನು ರೂಪಿಸಿಕೊಡುತ್ತೇವೆ ಎಂದರು. ಬೆಳಿಗ್ಗೆಯೊಳಗೆ ತೋರಿಸಿ ಎಂಬ ಉತ್ತರ ಬಂತು. ಸ್ಟ್ಯಾಟ್ಲರ್ ಹೋಟೆಲಿನ ಕೋಣೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ರಾತ್ರಿಯಿಡೀ ನಿದ್ದೆಗೆಟ್ಟು ಅವರು ನಕ್ಷೆ ಬರೆದರು. 1945ರ ಮಾರ್ಚ್ 18ರಂದು ವಿಮಾನ ಹಾರಿತು. 1957ರವರೆಗೆ 3,180 ತಯಾರಾದವು.

ಕಥೆ ಸುಳ್ಳಲ್ಲ. ಆದರೆ ಅದು ಒಂದು ವಿಮಾನದ ಇಡೀ ಬದುಕನ್ನು ಒಬ್ಬ ಮೇಧಾವಿಯ ಒಂದು ರಾತ್ರಿಗೆ ಕಟ್ಟಿಹಾಕುತ್ತದೆ. ಆಮೇಲೆ ಪೈಲಟ್‌ಗಳ ಸಾಹಸ ಬರುತ್ತದೆ, ಪುಸ್ತಕ ಮುಗಿಯುತ್ತದೆ. 1946ರ ಕೊನೆಯಿಂದ 1968ರವರೆಗೆ, ಜೆಟ್‌ಗಳ ಕಾಲದಲ್ಲೂ, ಈ ಪ್ರೊಪೆಲ್ಲರ್ ವಿಮಾನ ನೌಕಾಪಡೆಯ ವಿಮಾನವಾಹಕ ನೌಕೆಗಳ ಡೆಕ್ ಮೇಲೆ ಉಳಿದದ್ದು ಹೇಗೆ ಎಂಬುದಕ್ಕೆ ನಿಜವಾದ ಉತ್ತರ ಅದನ್ನು ರಿಪೇರಿ ಮಾಡುತ್ತಿದ್ದವರ ನೆನಪುಗಳಲ್ಲಿದೆ. ಸ್ಕೈರೈಡರ್ ಕುರಿತ ಅತ್ಯಂತ ನಂಬಲರ್ಹ ವಿಮರ್ಶೆ ಆ ಮೆಕ್ಯಾನಿಕ್‌ಗಳದ್ದೇ ಎಂದು ನಾನು ನಂಬುತ್ತೇನೆ. ಆ ವಿಮರ್ಶೆ ಎಲ್ಲಿ ಮೂಕವಾಗುತ್ತದೆ ಎಂಬುದನ್ನೂ ಹೇಳಬೇಕು.

ಮೊದಲು ಎಂಜಿನ್. ರೈಟ್ ಕಂಪನಿಯ ಆರ್-3350 ಎಂಜಿನ್‌ಗೆ ಒಂಬತ್ತೊಂಬತ್ತರ ಎರಡು ಸುತ್ತುಗಳಲ್ಲಿ ಹದಿನೆಂಟು ಸಿಲಿಂಡರ್, ಸಿಲಿಂಡರಿಗೆ ಎರಡರಂತೆ 36 ಸ್ಪಾರ್ಕ್ ಪ್ಲಗ್. ಸುಮಾರು 2,700 ಅಶ್ವಶಕ್ತಿ. ಎರಡನೇ ಮಹಾಯುದ್ಧದಲ್ಲಿ ಬಿ-29 ಬಾಂಬರ್‌ಗಳಲ್ಲಿ ಬೆಂಕಿ ಹತ್ತಿಕೊಂಡು ಕುಖ್ಯಾತವಾಗಿದ್ದ ಎಂಜಿನ್ನಿನ ಮನೆತನವೇ ಇದು. ಇಂಥ ಎಂಜಿನ್ ನಿಂತಾಗ ಎಣ್ಣೆ ಮೆಲ್ಲಗೆ ಇಳಿದು ಕೆಳಗಿನ ಸಿಲಿಂಡರ್‌ಗಳಲ್ಲಿ ಸೇರಿಕೊಳ್ಳುತ್ತದೆ. ನೋಡದೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಹೋಗಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಮೊದಲು ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿ, ಎಲ್ಲಾದರೂ ಬಿಗಿ ಹಿಡಿಯುತ್ತದೆಯೇ ಎಂದು ನೋಡಬೇಕು. ಬಿಗಿ ಹಿಡಿದರೆ ಪ್ಲಗ್ ಬಿಚ್ಚಿ ಎಣ್ಣೆ ಹರಿಸಬೇಕು. ನಾಲ್ಕು ಮೀಟರಿಗೂ ಹೆಚ್ಚು ಅಗಲ ಸುತ್ತುವ ನಾಲ್ಕು ಅಲಗಿನ ಪ್ರೊಪೆಲ್ಲರ್ ಅದು; ಕಿಕ್ಕಿರಿದ ಡೆಕ್ ಮೇಲೆ ಅದರ ಪಕ್ಕದಲ್ಲಿ ಓಡಾಡುವುದೇ ಪ್ರಾಣಕ್ಕೆ ಸಂಚಕಾರ.

ಎಣ್ಣೆ ಸೋರುವುದು ನಿಂತರೆ ಎಣ್ಣೆಯೇ ಖಾಲಿ ಎಂದರ್ಥ ಎಂಬ ಮಾತು ಈ ಬಗೆಯ ಎಂಜಿನ್‌ಗಳ ಮೆಕ್ಯಾನಿಕ್‌ಗಳಲ್ಲಿ ಬಳಕೆಯಲ್ಲಿತ್ತು. ಕೇಳಿದವರು ನಗುತ್ತಾರೆ, ಆದರೆ ಅದರಲ್ಲಿ ಒಂದು ಅಳತೆಗೋಲಿದೆ. ಎಷ್ಟು ಸೋರಿದರೆ ಸಹಜ, ಎಷ್ಟಾದರೆ ರೋಗ ಎಂಬುದನ್ನು ಕೈಪಿಡಿ ಒಂದು ಮಟ್ಟಕ್ಕೆ ಹೇಳಬಹುದು. ಉಳಿದದ್ದು ದಿನಾ ಅದೇ ವಿಮಾನದ ಹೊಟ್ಟೆಯನ್ನು ಒರೆಸುವ ಹುಡುಗನಿಗೇ ಗೊತ್ತು. ವಿಮಾನಕ್ಕೊಬ್ಬನಂತೆ ನೇಮಕವಾಗುತ್ತಿದ್ದ, ಕಂದು ಅಂಗಿಯ ಆ ನಾವಿಕನನ್ನು ಪ್ಲೇನ್ ಕ್ಯಾಪ್ಟನ್ ಎನ್ನುತ್ತಿದ್ದರು. ಪೈಲಟ್ ಹಾರುವ ಹೊತ್ತಿಗಷ್ಟೇ ಬರುತ್ತಿದ್ದ. ಮಿಕ್ಕ ಹೊತ್ತೆಲ್ಲ ವಿಮಾನ ಇವನ ಜವಾಬ್ದಾರಿ.

ಈ ನೆನಪುಗಳನ್ನು ಇಟ್ಟುಕೊಂಡು ಹೈನ್‌ಮನ್ನರ ನಕ್ಷೆಗೆ ಮರಳಿದರೆ ಅದರ ಗುಣ ಬೇರೆಯದಾಗಿ ಕಾಣುತ್ತದೆ. ಅವರು ತೂಕವನ್ನು ಜಿಪುಣತನದಿಂದ ಇಳಿಸಿದರು: ಹೊಟ್ಟೆಯೊಳಗಿನ ಬಾಂಬ್ ಕೋಣೆ ತೆಗೆದರು, ಇಂಧನಕ್ಕೆ ಹಲವು ಟ್ಯಾಂಕುಗಳ ಬದಲು ಒಂದೇ ಟ್ಯಾಂಕ್ ಇಟ್ಟರು, ಬಾಂಬುಗಳನ್ನೆಲ್ಲ ಹೊರಗೆ ರೆಕ್ಕೆ, ಹೊಟ್ಟೆಗಳ ಅಡಿಯ ಕೊಂಡಿಗಳಿಗೆ ತೂಗುಹಾಕಿದರು. ಹದಿನೈದು ಕೊಂಡಿ, ಸುಮಾರು 3,600 ಕಿಲೊ ಸಾಮರ್ಥ್ಯ. ಭರ್ತಿ ಹೊತ್ತಾಗ ವಿಮಾನದ ತೂಕ ಅದರ ಬರಿಮೈ ತೂಕದ ಎರಡರಷ್ಟಕ್ಕೂ ಮೀರುತ್ತಿತ್ತು. ಎಂಜಿನಿಯರಿಂಗ್ ಪುಸ್ತಕಗಳು ಇದನ್ನು ತೂಕದ ಗೆಲುವು ಎನ್ನುತ್ತವೆ. ಡೆಕ್ಕಿನವರಿಗೆ ಅದು ಕೈಗೆ ಎಟುಕುವ ವಿಮಾನ. ಬಾಗಿಲು, ಕೀಲು, ಅಡಗಿದ ಪೈಪು ಕಡಿಮೆಯಾದಷ್ಟೂ ಕೆಡುವ ಜಾಗ ಕಡಿಮೆ. ಹೈನ್‌ಮನ್ ಬಿಟ್ಟ ಪ್ರತಿಯೊಂದು ಬಿಡಿಭಾಗವೂ ಯಾರದೋ ಒಂದು ರಾತ್ರಿಯ ಪಾಳಿಯನ್ನು ಉಳಿಸಿತು. ಈ ವಿನ್ಯಾಸದ ದೊಡ್ಡ ಸಾಧನೆ ನನ್ನ ದೃಷ್ಟಿಯಲ್ಲಿ ಇದೇ, ವೇಗವಲ್ಲ, ಭಾರವೂ ಅಲ್ಲ.

ಕೊರಿಯಾ ಯುದ್ಧದಲ್ಲಿ, 1951ರ ಮೇ 1ರಂದು, ಅಲ್ಲಿನ ಹ್ವಾಚೋನ್ ಅಣೆಕಟ್ಟಿನ ಮೇಲೆ ಪ್ರಿನ್ಸ್‌ಟನ್ ನೌಕೆಯ ಎಂಟು ಸ್ಕೈರೈಡರ್‌ಗಳು ಟಾರ್ಪಿಡೊ ಬಿಟ್ಟವು. ಬಾಂಬಿಗೆ ಬಗ್ಗದ ಬಾಗಿಲುಗಳು ಒಡೆದವು. ದಾಳಿ ನಡೆಸಿದ ಸ್ಕ್ವಾಡ್ರನ್ ‘ಡ್ಯಾಂಬಸ್ಟರ್ಸ್’ ಎಂಬ ಹೆಸರು ಪಡೆಯಿತು. ಆಗ ಟಾರ್ಪಿಡೊ ಬಳಕೆಯೇ ಹಳೆಯ ವಿದ್ಯೆಯಾಗುತ್ತ ಬಂದಿತ್ತು. ಅದನ್ನು ಸಿದ್ಧಪಡಿಸಿ ಕೊಂಡಿಗೆ ಏರಿಸಿದ, ಶಸ್ತ್ರಾಸ್ತ್ರ ವಿಭಾಗದ ಕೆಂಪು ಅಂಗಿಯವರು ಈ ಪ್ರಸಿದ್ಧ ದಾಳಿಯ ಹೆಚ್ಚಿನ ಬರಹಗಳಲ್ಲಿ ಕಾಣುವುದೇ ಇಲ್ಲ.

ಹೀಗೆ ಮೆಕ್ಯಾನಿಕ್‌ಗಳನ್ನು ಮರೆಯುವುದು ನಮ್ಮಲ್ಲೂ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಗಿತ್ತು. ಅದರ ಹಿಂದಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಹೆಸರು ಬಾಯಿಗೆ ಬರುತ್ತದೆ. ಸ್ಪ್ಯಾನರ್ ಹಿಡಿದವರ ಮಾತು ಇತಿಹಾಸದಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ಮೆಕ್ಯಾನಿಕ್‌ಗಳ ನೆನಪುಗಳಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವ ಪ್ರಸಂಗವೊಂದಿದೆ. 1965ರಲ್ಲಿ ಮಿಡ್‌ವೇ ನೌಕೆಯಲ್ಲಿ ಕೆಟ್ಟುಹೋದ ಟಾಯ್ಲೆಟ್ ಕಮೋಡೊಂದನ್ನು ಸಮುದ್ರಕ್ಕೆಸೆಯುವ ಬದಲು ಡೆಕ್ಕಿನ ಹುಡುಗರು ಅದಕ್ಕೆ ಬಾಲದ ರೆಕ್ಕೆ, ಮೂತಿಗೆ ಫ್ಯೂಸ್ ಜೋಡಿಸಿ ಸ್ಕೈರೈಡರ್‌ನ ರೆಕ್ಕೆಗೆ ಕಟ್ಟಿದರು. ಪೈಲಟ್ ಅದನ್ನು ವಿಯೆಟ್ನಾಂ ಮೇಲೆ ಬೀಳಿಸಿ ಬಂದ. ಕುಶಲ ಕೈಗಳ ತುಂಟತನ ನನಗೂ ಅರ್ಥವಾಗುತ್ತದೆ. ಆದರೆ ಅದನ್ನು ಮಾಡಿದ್ದು ಏತಕ್ಕೆ? ಬೀಳಿಸಿದ ಸ್ಫೋಟಕಗಳ ತೂಕ 60 ಲಕ್ಷ ಪೌಂಡ್ ಮುಟ್ಟಿದ ಸಂಭ್ರಮಕ್ಕೆ. ಎಂದರೆ 27 ಲಕ್ಷ ಕಿಲೊಗೂ ಹೆಚ್ಚು. ಕಥೆಯಲ್ಲಿ ಕಮೋಡಿಗೆ ಒಂದು ಪುಟ ಸಿಗುತ್ತದೆ, ಆ ಅಂಕಿಗೆ ಅರ್ಧ ವಾಕ್ಯ. ಒಂದೊಂದು ಪ್ಲಗ್ಗನ್ನೂ ಹೆಸರಿಟ್ಟು ನೆನೆಯುವ ಈ ಬರಹಗಳು ಬಾಂಬು ಕೊಂಡಿ ಬಿಟ್ಟ ಮೇಲೆ ಏನಾಯಿತು ಎಂಬಲ್ಲಿ ಏಕಾಏಕಿ ಮಸುಕಾಗುತ್ತವೆ.

ಇದಕ್ಕೆ ಕಾರಣ ಅವರ ಕಲ್ಲುಮನಸ್ಸಲ್ಲ. ಡೆಕ್ಕಿನಿಂದ ಕಾಣುತ್ತಿದ್ದುದು ಹೋದ ವಿಮಾನ ಮತ್ತು ಬಂದ, ಇಲ್ಲವೇ ಬಾರದ ವಿಮಾನ. ಆಗ್ನೇಯ ಏಷ್ಯಾದಲ್ಲಿ ಅಮೆರಿಕ ಇನ್ನೂರಕ್ಕೂ ಹೆಚ್ಚು ಸ್ಕೈರೈಡರ್‌ಗಳನ್ನು ಕಳೆದುಕೊಂಡಿತು. ಕಾದು ನಿಂತವರ ದುಃಖ ಆ ಲೆಕ್ಕದಲ್ಲಿಲ್ಲ. ಬಿದ್ದ ಪೈಲಟ್‌ಗಳನ್ನು ಕರೆತರುವ ಹೆಲಿಕಾಪ್ಟರಿಗೆ ಕಾವಲು ಹೋಗಿ, ಗಂಟೆಗಟ್ಟಲೆ ಮೇಲೆಯೇ ಸುತ್ತುತ್ತ ಇದೇ ವಿಮಾನ ಎಷ್ಟೋ ಜೀವ ಉಳಿಸಿದ್ದೂ ಸತ್ಯ. ಅದನ್ನು ಎಣ್ಣೆ ಒರೆಸಿದವರು ಹೆಮ್ಮೆಯಿಂದ ಹೇಳಿಕೊಳ್ಳಲು ಪೂರ್ಣ ಹಕ್ಕುಳ್ಳವರು.

ಆದರೆ 1972ರ ಜೂನ್ 8ರಂದು ತ್ರಾಂಗ್ ಬಾಂಗ್ ಹಳ್ಳಿಯ ಮೇಲೆ ನಪಾಮ್ ಸುರಿದದ್ದೂ ಸ್ಕೈರೈಡರ್, ದಕ್ಷಿಣ ವಿಯೆಟ್ನಾಂ ವಾಯುಪಡೆಯದು. ಮೈ ಸುಟ್ಟುಕೊಂಡು ರಸ್ತೆಯಲ್ಲಿ ಓಡಿಬರುವ ಒಂಬತ್ತು ವರ್ಷದ ಹುಡುಗಿ ಕಿಮ್ ಫುಕ್‌ಳ ಚಿತ್ರ ಲೋಕವೆಲ್ಲ ನೋಡಿತು. ಆ ವಿಮಾನದ ಎಂಜಿನ್ನನ್ನೂ ಬೆಳಿಗ್ಗೆ ಯಾರೋ ತಿರುಗಿಸಿ ನೋಡಿರಬೇಕು, ಪ್ಲಗ್ ಬದಲಿಸಿರಬೇಕು, ಕೊಂಡಿಗೆ ಡಬ್ಬಿ ಏರಿಸಿರಬೇಕು. ಅವರು ವಿಯೆಟ್ನಾಮೀ ಮೆಕ್ಯಾನಿಕ್‌ಗಳು. 1975ರಲ್ಲಿ ಅವರ ವಾಯುಪಡೆಯೂ ದೇಶವೂ ಇಲ್ಲವಾದವು. ಸ್ಕೈರೈಡರ್ ನೆನಪಿನ ಸಾಹಿತ್ಯದಲ್ಲಿ ನಾನು ಕಾಣುವ ಅತಿ ದೊಡ್ಡ ಕೊರತೆ ಇದು. ಅಮೆರಿಕದ ಪ್ಲೇನ್ ಕ್ಯಾಪ್ಟನ್ ಬರೆದ ಪುಟದ ಎದುರಿಗೆ ದಕ್ಷಿಣ ವಿಯೆಟ್ನಾಂನ ಬಿಯೆನ್ ಹೋವಾ ವಾಯುನೆಲೆಯಲ್ಲಿ ಅದೇ ಎಂಜಿನ್ನಿಗೆ ಕೈ ಹಾಕಿದವನ ಪುಟವೂ ಬರಬೇಕು. ಇಬ್ಬರೂ ಮುದುಕರಾಗಿದ್ದಾರೆ, ಕೇಳುವವರು ಈಗಲೇ ಹೋಗಿ ಕೇಳಬೇಕು.