ಕ್ಲಿಪ್ ಹಾಕಿಸುವ ಮುನ್ನ: ವಕ್ರದಂತ ಚಿಕಿತ್ಸೆಯ ಒಂದು ವಿಮರ್ಶೆ

ವಕ್ರದಂತ ಚಿಕಿತ್ಸೆ, ಜನರ ಮಾತಿನಲ್ಲಿ ಕ್ಲಿಪ್ ಹಾಕಿಸುವುದು, ಹಲ್ಲುಗಳನ್ನು ಸಾಲಿಗೆ ತಂದು ಎರಡು ದವಡೆಗಳ ಕಚ್ಚುವಿಕೆಯನ್ನು ಹೊಂದಿಸುವ ವಿದ್ಯೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ಕಚ್ಚುವಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ವೈದ್ಯರು ಇಂದಿಗೂ ಬಳಸುವ ಈ ವಿಂಗಡಣೆ ನಿಂತಿರುವುದು ಮೊದಲ ದವಡೆ ಹಲ್ಲುಗಳು ಹೇಗೆ ಕೂಡುತ್ತವೆ ಎಂಬುದರ ಮೇಲೆ. ಆದರೆ ಇಂದಿನ ಜಾಹೀರಾತುಗಳಲ್ಲಿ ಕಾಣುವುದು ಮುಂದಿನ ಹಲ್ಲುಗಳ ನಗು ಮಾತ್ರ. ಅಗಿಯುವ ಹಲ್ಲುಗಳ ಪ್ರಸ್ತಾಪವೇ ಇರುವುದಿಲ್ಲ.

ಹಲ್ಲು ಸರಿಯುವುದು ಮೂಳೆ ಬದಲಾಗುವುದರಿಂದ. ಹಗುರವಾದ ಬಲ ಸತತವಾಗಿ ಬಿದ್ದಾಗ, ಒತ್ತಡವಿರುವ ಕಡೆ ಮೂಳೆ ಕರಗಿ, ಎಳೆತವಿರುವ ಕಡೆ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ಅದು ಒಳ್ಳೆಯ ಪ್ರಗತಿ. ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುವುದು ಇದರಿಂದಲೇ. ಬಲ ಅತಿಯಾದರೆ ಬೇರು ಸವೆದು ಗಿಡ್ಡವಾಗುವ ಅಪಾಯ ಹೆಚ್ಚುತ್ತದೆ. ಕ್ಲಿಪ್ ತೆಗೆದ ಮೇಲೂ ಹಲ್ಲು ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ. ಅದನ್ನು ತಡೆಯುವ ರಿಟೇನರ್ ಧರಿಸದಿದ್ದರೆ ಎರಡು ವರ್ಷದ ಶ್ರಮ ವ್ಯರ್ಥ.

ಸಾಧನಗಳಲ್ಲಿ ಲೋಹದ ಕ್ಲಿಪ್ ಗಟ್ಟಿ, ಅಗ್ಗ; ಬಹುತೇಕ ಎಲ್ಲ ದೋಷಗಳಿಗೂ ಒದಗುತ್ತದೆ. ಸೆರಾಮಿಕ್ ಎದ್ದು ಕಾಣುವುದಿಲ್ಲ, ಆದರೆ ಬೇಗ ಮುರಿಯುತ್ತದೆ. 1997ರಲ್ಲಿ ಸ್ಥಾಪನೆಯಾದ ಅಲೈನ್ ಟೆಕ್ನಾಲಜಿ ಕಂಪನಿ ಜನಪ್ರಿಯಗೊಳಿಸಿದ ಪಾರದರ್ಶಕ ಅಲೈನರ್ ಅನ್ನು, ಅಂದರೆ ಹಲ್ಲಿಗೆ ತೊಡಿಸುವ ಕವಚವನ್ನು, ಊಟಕ್ಕೆ ತೆಗೆದಿಡಬಹುದು, ಹಲ್ಲುಜ್ಜುವುದೂ ಸುಲಭ. ಆದರೆ ದಿನಕ್ಕೆ 20ರಿಂದ 22 ಗಂಟೆ ಧರಿಸುವ ಶಿಸ್ತು ಬೇಕು. ಹೆಚ್ಚು ತಿರುಗಿದ ಕೋರೆಹಲ್ಲನ್ನು ಸರಿಪಡಿಸುವುದು, ಹಲ್ಲು ಕಿತ್ತ ಜಾಗವನ್ನು ಮುಚ್ಚುವುದು ಅದಕ್ಕೆ ಕಷ್ಟ. ವೈದ್ಯರನ್ನು ಭೇಟಿಯಾಗದೆಯೇ ಮನೆಗೆ ಅಲೈನರ್ ತರಿಸಿಕೊಳ್ಳುವ ಪದ್ಧತಿಯಂತೂ ಒಪ್ಪತಕ್ಕದ್ದಲ್ಲ. ಅದನ್ನೇ ವ್ಯಾಪಾರವಾಗಿಸಿಕೊಂಡಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ, ಅರ್ಧ ಚಿಕಿತ್ಸೆಯಲ್ಲಿದ್ದವರು ನಡುನೀರಿನಲ್ಲಿ ಉಳಿದರು.

ಆದ್ದರಿಂದ ಆಯ್ಕೆ ಮಾಡಬೇಕಾದದ್ದು ಮೊದಲು ವೈದ್ಯರನ್ನು, ಆಮೇಲೆ ಸಾಧನವನ್ನು. ಬಿಡಿಎಸ್ ಸಾಮಾನ್ಯ ದಂತವೈದ್ಯ ಪದವಿ. ಅದರ ಮೇಲೆ ಮೂರು ವರ್ಷ ಈ ಶಾಖೆಯಲ್ಲೇ ಎಂಡಿಎಸ್ ಓದಿದವರು ತಜ್ಞರು. ಕರ್ನಾಟಕದಲ್ಲಿ ವೈದ್ಯರಿಗೆ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು. ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡು ದರಪಟ್ಟಿ ಪ್ರದರ್ಶಿಸಬೇಕು. ಸಣ್ಣ ಊರುಗಳ ಅನೇಕ ಕ್ಲಿನಿಕ್ಕುಗಳಿಗೆ ತಜ್ಞರು ನಿಗದಿತ ದಿನ ಮಾತ್ರ ಬಂದು ಹೋಗುತ್ತಾರೆ. ಅದು ದೋಷವಲ್ಲ, ಆದರೆ ಅವರ ಹೆಸರು, ಬರುವ ದಿನ, ನಡುವೆ ಕ್ಲಿಪ್ಪಿನ ತಂತಿ ಚುಚ್ಚಿದರೆ ನೋಡುವವರು ಯಾರು ಎಂಬುದು ಮೊದಲೇ ತಿಳಿದಿರಬೇಕು. ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳು ಒಳ್ಳೆಯ ದಾರಿ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಕೊಡುತ್ತಾರೆ. ಕಾಯುವ ತಾಳ್ಮೆ ಮಾತ್ರ ಬೇಕು.

ಒಳ್ಳೆಯ ವೈದ್ಯರ ಗುರುತು ಮೊದಲ ಭೇಟಿಗಳಲ್ಲೇ ಸಿಗುತ್ತದೆ. ಅವರು ಹುಳುಕು ಮತ್ತು ಒಸಡಿನ ತೊಂದರೆಯನ್ನು ಮೊದಲು ವಾಸಿಮಾಡುತ್ತಾರೆ. ಹಲ್ಲಿನ ಅಚ್ಚು, ಫೋಟೋ, ಪೂರ್ತಿ ದವಡೆಯ ಹಾಗೂ ತಲೆಯ ಪಕ್ಕದಿಂದ ತೆಗೆದ ಎಕ್ಸ್‌ರೇ ನೋಡಿಯೇ ಯೋಜನೆ ಹೇಳುತ್ತಾರೆ. ಹಲ್ಲು ಕೀಳಬೇಕೆಂದರೆ ಕಾರಣ ತೋರಿಸುತ್ತಾರೆ. ಅವಧಿಯನ್ನೂ ರಿಟೇನರ್ ಸೇರಿಸಿ ಒಟ್ಟು ಖರ್ಚನ್ನೂ ಬರೆದುಕೊಡುತ್ತಾರೆ. ಸರಿಯಾಗಿ ಉಜ್ಜದಿದ್ದರೆ ಕ್ಲಿಪ್ ಸುತ್ತ ಬಿಳಿ ಕಲೆ ಉಳಿಯುತ್ತದೆಂದು ಮುಂಚೆಯೇ ಎಚ್ಚರಿಸುತ್ತಾರೆ.

ವಕ್ರದಂತ ಚಿಕಿತ್ಸೆ ನೂರು ವರ್ಷಗಳ ಅನುಭವದಲ್ಲಿ ಪಳಗಿದ ವಿದ್ಯೆ; ಅದರ ಫಲ ಸಂದೇಹಾತೀತ. ದೋಷವಿರುವುದು ಅದನ್ನು ರಿಯಾಯಿತಿ, ಕಂತು, ಕಾಣದ ಕ್ಲಿಪ್ ಎಂದು ಸರಕಿನಂತೆ ಮಾರುವ ರೀತಿಯಲ್ಲಿ. ಪರೀಕ್ಷೆ ಮಾಡದೆ ಮೊದಲ ದಿನವೇ ಮುಂಗಡ ಕೇಳುವ ಕ್ಲಿನಿಕ್ಕಿನಿಂದ ಎದ್ದು ಬರುವುದೇ ಸರಿ.