‘ರೆವಲ್ಯೂಷನ್’ ಪದದ ಅರ್ಥಪಲ್ಲಟವೂ ನಮ್ಮ ‘ಕ್ರಾಂತಿ’ಯೂ

ಪದವಿ ತರಗತಿಯಲ್ಲಿ ಇಂಗ್ಲೆಂಡಿನ 1688ರ ಘಟನೆಯನ್ನು ಕುರಿತು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ರಕ್ತರಹಿತ ಕ್ರಾಂತಿ ಎಂಬುದು ಕ್ರಾಂತಿ ಹೇಗಾಯಿತು ಸಾರ್? ರಾಜ ಓಡಿಹೋದ; ಅವನ ಮಗಳೂ ಅಳಿಯನೂ ಬಂದು ಕುಳಿತರು. ಅಷ್ಟೇ ಅಲ್ಲವೆ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನು ಪಠ್ಯಪುಸ್ತಕದಲ್ಲಿರುವ ಉತ್ತರವನ್ನೇ ಹೇಳಿದೆ: ಪಾರ್ಲಿಮೆಂಟಿನ ಪರಮಾಧಿಕಾರ, 1689ರ ಹಕ್ಕುಗಳ ಮಸೂದೆ ಇತ್ಯಾದಿ. ಉತ್ತರವು ತಪ್ಪಲ್ಲ, ಆದರೆ ಅದು ಹುಡುಗನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅವನ ಸಂಶಯವಿದ್ದದ್ದು ಘಟನೆಯಲ್ಲಲ್ಲ, ಪದದಲ್ಲಿ. ಮೂರು ಶತಮಾನಗಳ ಅವಧಿಯಲ್ಲಿ ಮೂರು ಬಗೆಯಾಗಿ ಅರ್ಥ ತಳೆದ ಒಂದು ಇಂಗ್ಲಿಷ್ ಶಬ್ದಕ್ಕೆ ನಾವು ಒಂದೇ ಕನ್ನಡ ಶಬ್ದವನ್ನು ಗಂಟುಹಾಕಿ, ಆ ಗಂಟನ್ನು ವಿದ್ಯಾರ್ಥಿಗಳ ತಲೆಯ ಮೇಲೆ ಹೊರಿಸಿದ್ದೇವೆ. ಇದರಿಂದ ಇತಿಹಾಸದ ತಿಳಿವಳಿಕೆಗೆ ಒದಗುವ ಹಾನಿ ನಾವು ಎಣಿಸಿರುವುದಕ್ಕಿಂತ ಹೆಚ್ಚಿನದೆಂಬುದೇ ಪ್ರಕೃತ ಲೇಖನದ ವಾದ.

‘ರೆವಲ್ಯೂಷನ್’ ಎಂಬುದು ಹಿಂದಕ್ಕೆ ಉರುಳು, ಮರಳಿ ಸುತ್ತು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಅದು ಬಹುಕಾಲ ಖಗೋಳಶಾಸ್ತ್ರದ ಪರಿಭಾಷೆಯಾಗಿದ್ದಿತು. 1543ರಲ್ಲಿ ಪ್ರಕಟವಾದ ಕೊಪರ್ನಿಕಸನ ಮಹಾಗ್ರಂಥದ ಹೆಸರಿನಲ್ಲಿಯೇ ಈ ಪದವಿದೆ. ಅಲ್ಲಿ ಅದಕ್ಕೆ ಆಕಾಶಗೋಳಗಳ ಪರಿಭ್ರಮಣವೆಂದಲ್ಲದೆ ಬೇರೆ ಅರ್ಥವಿಲ್ಲ. ಹೊರಟ ಎಡೆಗೆ ಮರಳಿ ಬರುವುದೇ ಪರಿಭ್ರಮಣದ ಲಕ್ಷಣವಷ್ಟೆ. ಈ ಪದವು ಆಕಾಶದಿಂದ ರಾಜಕೀಯಕ್ಕೆ ಇಳಿದು ಬಂದಾಗ ತನ್ನ ವೃತ್ತವನ್ನೂ ಜೊತೆಗೆ ತಂದಿತು. ಹಾಬ್ಸನು ತನ್ನ ‘ಬೆಹೆಮತ್’ ಗ್ರಂಥದಲ್ಲಿ 1640ರಿಂದ 1660ರವರೆಗಿನ ಇಂಗ್ಲೆಂಡಿನ ಅಂತಃಕಲಹವನ್ನು ವಿಮರ್ಶಿಸುವಾಗ ಈ ಶಬ್ದವನ್ನು ಬಳಸಿದ್ದಾನೆ. ಅವನು ಅದರಿಂದ ಸೂಚಿಸಿದ್ದು ಮೊದಲನೆಯ ಚಾರ್ಲ್ಸನ ಶಿರಚ್ಛೇದವನ್ನಲ್ಲ. ಪ್ರಭುತ್ವವು ಆ ರಾಜನ ಕೈಬಿಟ್ಟು, ಕ್ರಾಮ್‌ವೆಲ್ ತಂದೆ ಮಕ್ಕಳ ಕೈಗಳಲ್ಲಿ ಹಾದು, ಕೊನೆಗೆ ಆ ರಾಜನ ಮಗನಿಗೇ ಮರಳಿ ಬಂದ ವರ್ತುಲ ಚಲನೆಯನ್ನು. ಇಂದಿನ ನಮ್ಮ ವಿದ್ಯಾರ್ಥಿಯು ಯಾವುದನ್ನು ಕ್ರಾಂತಿಯ ಸೋಲು ಎಂದು ಬರೆಯುವನೋ, ಅದೇ ಹಾಬ್ಸನಿಗೆ ರೆವಲ್ಯೂಷನ್ನಿನ ಪೂರ್ಣತೆ.

1688ರ ಘಟನೆಗೆ ಆ ಹೆಸರು ಸಂದದ್ದು ಈ ಹಿನ್ನೆಲೆಯಲ್ಲಿ. ಆ ವರ್ಷ ನವೆಂಬರ್ 5ರಂದು ಆರೆಂಜಿನ ವಿಲಿಯಂ ಟಾರ್‌ಬೇಯಲ್ಲಿ ಬಂದಿಳಿದನು. ಡಿಸೆಂಬರಿನಲ್ಲಿ ಎರಡನೆಯ ಜೇಮ್ಸ್ ಫ್ರಾನ್ಸಿಗೆ ಓಡಿದನು. ಇದನ್ನು ನಡೆಸಿದವರು ತಾವು ಹೊಸದೊಂದನ್ನು ಕಟ್ಟುತ್ತಿದ್ದೇವೆಂದು ಹೇಳಿಕೊಳ್ಳಲಿಲ್ಲ. ರಾಜನು ಕೆಡಿಸಿದ್ದ ಪ್ರಾಚೀನ ಹಕ್ಕುಗಳನ್ನು ಮರಳಿ ನೆಲೆಗೊಳಿಸುತ್ತಿದ್ದೇವೆಂಬುದೇ ಅವರ ಮಾತು. (ರಕ್ತರಹಿತವೆಂಬ ವಿಶೇಷಣವಾದರೂ ಇಂಗ್ಲೆಂಡಿಗೆ ಮಾತ್ರ ಸಲ್ಲತಕ್ಕದ್ದು. 1690ರ ಬಾಯ್ನ್ ಕದನವನ್ನು ಕಂಡ ಐರ್ಲೆಂಡಿನವರು ಅದನ್ನು ಒಪ್ಪಲಾರರು.)

ಪದವು ತಿರುವು ಪಡೆದದ್ದು ಪ್ಯಾರಿಸಿನಲ್ಲಿ. ಬಾಸ್ಟೀಲ್ ಬಿದ್ದ ಸುದ್ದಿಯನ್ನು ಕೇಳಿ ಇದೊಂದು ದಂಗೆಯೇ ಎಂದ ಹದಿನಾರನೆಯ ಲೂಯಿಗೆ, ಅಲ್ಲ, ಇದು ರೆವಲ್ಯೂಷನ್ ಎಂದು ಲಿಯಾಂಕೂರಿನ ಡ್ಯೂಕನು ತಿದ್ದಿದನೆಂಬ ಕಥೆ ಪ್ರಸಿದ್ಧವಾಗಿದೆ. ಹಾನಾ ಅರೆಂಟ್ 1963ರ ತಮ್ಮ ಗ್ರಂಥದಲ್ಲಿ ಈ ಪ್ರಸಂಗಕ್ಕೆ ವಿಶೇಷ ಗಮನ ಕೊಟ್ಟಿದ್ದಾರೆ. ಅವರ ಪ್ರಕಾರ ಡ್ಯೂಕನ ಮಾತಿನಲ್ಲಿ ಖಗೋಳದ ಅರ್ಥ ಇನ್ನೂ ಉಳಿದಿದೆ, ಆದರೆ ಒತ್ತು ಮಾತ್ರ ಬದಲಾಗಿದೆ. ಮರಳುವಿಕೆ ಹಿಂದೆ ಸರಿದು, ಗ್ರಹಗತಿಯಂತೆ ಮನುಷ್ಯನು ತಡೆಯಲಾರದ್ದು ಎಂಬ ಭಾವ ಮುಂದೆ ಬಂದಿದೆ. ಕಥೆ ಎಷ್ಟರಮಟ್ಟಿಗೆ ನಿಜವೋ ಏನೋ, ಅದರಿಂದ ಕಾಣುವ ಅರ್ಥಪರಿಣಾಮವಂತೂ ನಿಜ.

ಈ ಎರಡು ಅರ್ಥಗಳು ಬಹಿರಂಗವಾಗಿಯೇ ಸೆಣಸಿದ ಸಂದರ್ಭವೊಂದಿದೆ. ನಮ್ಮ ತರಗತಿಗಳಲ್ಲಿ ಅದನ್ನು ಬೇಕಾದಷ್ಟು ವಿವರಿಸುವುದಿಲ್ಲ. 1789ರ ನವೆಂಬರ್ 4ರಂದು ಲಂಡನ್ನಿನಲ್ಲಿ ರಿಚರ್ಡ್ ಪ್ರೈಸನು ಮಾಡಿದ ಉಪದೇಶಕ್ಕೆ ನೆಪವಾದದ್ದು ‘ರೆವಲ್ಯೂಷನ್ ಸೊಸೈಟಿ’ಯ ವಾರ್ಷಿಕ ಸಮಾರಂಭ. ಹೆಸರು ನೋಡಿ ಬೆಚ್ಚಬೇಕಾಗಿಲ್ಲ. ಅದು 1688ರ ನೆನಪಿಗಾಗಿ ಸೇರುತ್ತಿದ್ದ ಸಭ್ಯ ಗೃಹಸ್ಥರ ಸಂಘ. ಪ್ರೈಸನು ಲಂಡನ್ನಿನ ಆ ಹಳೆಯ ಘಟನೆಯನ್ನೂ ಪ್ಯಾರಿಸಿನ ಹೊಸ ಘಟನೆಯನ್ನೂ ಒಂದೇ ಸಾಲಿನಲ್ಲಿ ಇರಿಸಿದನು. ಸಂಘವು ಫ್ರೆಂಚ್ ರಾಷ್ಟ್ರೀಯ ಸಭೆಗೆ ಅಭಿನಂದನೆಯನ್ನು ಕಳುಹಿಸಿತು. ಎಡ್ಮಂಡ್ ಬರ್ಕ್ ಸಿಡಿದೆದ್ದು 1790ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದಕ್ಕೆ ಇದೇ ಕಾರಣ. ಇಂಗ್ಲೆಂಡಿನದು ಇದ್ದುದನ್ನು ಉಳಿಸಿಕೊಂಡದ್ದು, ಫ್ರಾನ್ಸಿನದು ಇದ್ದುದನ್ನು ಕೆಡವಿದ್ದು, ಇವೆರಡಕ್ಕೂ ಹೆಸರೊಂದೇ ಎಂದ ಮಾತ್ರಕ್ಕೆ ವಸ್ತು ಒಂದೇ ಆಗದು ಎಂಬುದು ಬರ್ಕನ ವಾದದ ತಿರುಳು. ಅವನ ರಾಜಕೀಯವನ್ನು ನಾನು ಒಪ್ಪುವವನಲ್ಲ. ಆದರೆ ಪದದ ವಿಷಯದಲ್ಲಿ ಅವನ ಕಿವಿ ಸೂಕ್ಷ್ಮವಾಗಿದ್ದಿತು. ಹೀಗಿರಲು ನಮ್ಮ ಪಠ್ಯಪುಸ್ತಕಗಳು ಎರಡನ್ನೂ ‘ಕ್ರಾಂತಿ’ ಎಂದು ಕರೆದು, ಬರ್ಕನು ಏಕೆ ಅಷ್ಟು ಕೋಪಗೊಂಡನೆಂಬುದನ್ನು ವಿದ್ಯಾರ್ಥಿಗೆ ಅರ್ಥವಾಗದಂತೆ ಮಾಡಿವೆ.

ನಮ್ಮ ದೇಶದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಿಗೆ ಎಡೆಯಿದೆ. ಕಾಸಿಂಬಜಾರಿನ ಕೋಠಿಯ ಮುಖ್ಯನಾಗಿದ್ದು, ಮೀರ್ ಜಾಫರನೊಡನೆ ನಡೆದ ಒಳಸಂಚಿನಲ್ಲಿ ಕೈಯಾಡಿಸಿದ ವಿಲಿಯಂ ವಾಟ್ಸನದೆನ್ನಲಾಗುವ ಗ್ರಂಥವೊಂದು 1760ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1757ರ ಬಂಗಾಳದ ‘ರೆವಲ್ಯೂಷನ್’ ಅದರ ವಸ್ತು. ಪದವು ಶೀರ್ಷಿಕೆಯಲ್ಲಿಯೇ ಇದೆ. ಪ್ಲಾಸಿಯಲ್ಲಿ ಸಿರಾಜುದ್ದೌಲನನ್ನು ಸೋಲಿಸಿ ಮೀರ್ ಜಾಫರನನ್ನು ಗದ್ದುಗೆಗೇರಿಸಿದ ವ್ಯವಹಾರವನ್ನು ಕಂಪನಿಯ ನೌಕರರು ಯಾವ ಸಂಕೋಚವೂ ಇಲ್ಲದೆ ಹೀಗೆ ಕರೆದರು. 1760ರಲ್ಲಿ ಅವನನ್ನು ಇಳಿಸಿ ಮೀರ್ ಕಾಸಿಮನನ್ನು ತಂದಾಗಲೂ ಅವರ ಬಾಯಲ್ಲಿ ಬಂದದ್ದು ಅದೇ ಮಾತು. 1763ರಲ್ಲಿ ಮತ್ತೆ ಮೀರ್ ಜಾಫರನೇ ನವಾಬನಾದನು. ಹಾಬ್ಸನು ಬದುಕಿದ್ದರೆ ವೃತ್ತ ಕೂಡಿತೆಂದು ಸಂತೋಷಪಡುತ್ತಿದ್ದನೇನೋ! ಈ ಶೀರ್ಷಿಕೆಯನ್ನು ‘ಬಂಗಾಳದ ಕ್ರಾಂತಿ’ ಎಂದು ಕನ್ನಡಿಸಿದೆವೆನ್ನಿ: ಒಂದು ಸಂಚು ಜನತೆಯ ಏಳಿಗೆಯಂತೆ ತೋರುತ್ತದೆ. ಭಾಷಾಂತರಕಾರನು ತನಗರಿವಿಲ್ಲದೆಯೇ ಕ್ಲೈವನಿಗೆ ವಕೀಲನಾಗುತ್ತಾನೆ.

‘ಕ್ರಾಂತಿ’ಯು ಇಷ್ಟು ಬೇಗ ದಾರಿ ತಪ್ಪಿಸುವುದೇಕೆಂದು ತಿಳಿಯಲು ಅದರ ಕುಲವನ್ನೂ ನೋಡಬೇಕು. ವಿಚಿತ್ರವೆಂದರೆ ಇದೂ ಆಕಾಶದಿಂದ ಇಳಿದ ಶಬ್ದವೇ. ನಮ್ಮ ಜ್ಯೋತಿಷ ಸಿದ್ಧಾಂತಗಳಲ್ಲಿ ಸೂರ್ಯನ ವಾರ್ಷಿಕ ಪಥವು ಕ್ರಾಂತಿವೃತ್ತ. ವಿಷುವದ್ವೃತ್ತದಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದ ದೂರವು ಕ್ರಾಂತಿ. ಆ ಸರಿತದ ಮೇರೆಯಾದ ಪರಮಕ್ರಾಂತಿಯನ್ನು 24 ಅಂಶಗಳೆಂದು ಎಣಿಸಿದ್ದರು. ಆದರೆ ಗ್ರಹವು ಸುತ್ತಿ ಹೊರಟಲ್ಲಿಗೇ ಬರುವ ಪರಿಭ್ರಮಣಕ್ಕೆ ಅವರು ಇಟ್ಟ ಹೆಸರು ಬೇರೆ, ಅದು ‘ಭಗಣ’. ಮಹಾಯುಗವೊಂದರಲ್ಲಿ ಸೂರ್ಯನ ಭಗಣಗಳು 43,20,000 ಎಂದು ಸೂರ್ಯಸಿದ್ಧಾಂತವು ಲೆಕ್ಕ ಕೊಡುತ್ತದೆ. ಕೊಪರ್ನಿಕಸನ ಪದಕ್ಕೆ ನೇರ ಸಂವಾದಿಯಾದದ್ದು ಭಗಣವೇ ಹೊರತು ಕ್ರಾಂತಿಯಲ್ಲ. ಕ್ರಾಂತಿಯ ಮೂಲದಲ್ಲಿರುವ ‘ಕ್ರಮ್’ ಧಾತುವಿಗೆ ಹೆಜ್ಜೆಯಿಡು, ದಾಟು ಎಂದು ಅರ್ಥ. ಸಂಕ್ರಾಂತಿ, ಅತಿಕ್ರಮಣ, ಆಕ್ರಮಣ ಇವೆಲ್ಲವುಗಳಲ್ಲಿಯೂ ಆ ದಾಟುವಿಕೆ ಇದೆ. ಮರಳುವಿಕೆ ಎಲ್ಲಿಯೂ ಇಲ್ಲ. ಆದ್ದರಿಂದ 1789ರ ಮುಂದಿನ ಅರ್ಥಕ್ಕೆ ‘ಕ್ರಾಂತಿ’ ಒಪ್ಪುವಷ್ಟು ಸೊಗಸಾಗಿ ಮೂಲ ಲ್ಯಾಟಿನ್ ಪದವೂ ಒಪ್ಪುವುದಿಲ್ಲ. ಆದರೆ ಅದಕ್ಕೆ ಹಿಂದಿನ ಅರ್ಥವನ್ನು ಅದು ಹೊರಲಾರದು. ನೆರೆಯ ತೆಲುಗಿನವರೂ ದೂರದ ಬಂಗಾಳಿಗಳೂ ಹಿಡಿದ ‘ವಿಪ್ಲವ’ದಲ್ಲಿ ಪ್ರವಾಹದ ಚಿತ್ರವಿದೆ, ಉರ್ದುವಿನ ‘ಇನ್ಕಿಲಾಬ್’ ಶಬ್ದದ ಅರಬ್ಬೀ ಮೂಲದಲ್ಲಿ ತಿರುಗಿ ಮಗುಚುವ ಚಿತ್ರವಿದೆ. ಒಂದೊಂದು ಭಾಷೆಯೂ ಒಂದೊಂದು ಚಿತ್ರವನ್ನು ಆರಿಸಿಕೊಂಡಿದೆ.

ಪದದ ಅರ್ಥವೆಂಬುದು ಕೇವಲ ಪಂಡಿತರ ಜಿಜ್ಞಾಸೆಯಲ್ಲ. 1921ರಲ್ಲಿ ಹಸ್ರತ್ ಮೊಹಾನಿ ಕೊಟ್ಟ ‘ಇನ್ಕಿಲಾಬ್ ಜಿಂದಾಬಾದ್’ ಘೋಷಣೆಯನ್ನು 1929ರ ಏಪ್ರಿಲ್ 8ರಂದು ಕೇಂದ್ರ ಶಾಸನಸಭೆಯಲ್ಲಿ ಭಗತ್‌ಸಿಂಗ್ ಮತ್ತು ಬಟುಕೇಶ್ವರ ದತ್ತರು ಕೂಗಿದರು. ಕೆಳಗಿನ ನ್ಯಾಯಾಲಯದಲ್ಲಿ ಭಗತ್‌ಸಿಂಗರಿಗೆ ಹಾಕಿದ ಪ್ರಶ್ನೆಗಳಲ್ಲಿ ಒಂದು, ನೀವು ರೆವಲ್ಯೂಷನ್ ಎಂದರೆ ಏನೆಂದು ತಿಳಿದಿದ್ದೀರಿ ಎಂಬುದು. ಜೂನ್ ತಿಂಗಳ ಹೇಳಿಕೆಯಲ್ಲಿ ಅವರು, ಅದು ಬಾಂಬು ಪಿಸ್ತೂಲುಗಳ ಆರಾಧನೆಯಲ್ಲ, ಅನ್ಯಾಯದ ಮೇಲೆ ನಿಂತಿರುವ ವ್ಯವಸ್ಥೆಯ ಬದಲಾವಣೆ ಎಂಬ ಭಾವದ ವಿವರಣೆಯನ್ನಿತ್ತರು. ಸೆರೆಮನೆಯಲ್ಲಿದ್ದ ಇಪ್ಪತ್ತೆರಡು ತುಂಬದ ಯುವಕನೊಬ್ಬನು ನ್ಯಾಯಾಧೀಶರ ಮುಂದೆ ನಿಘಂಟುಕಾರನ ಕೆಲಸವನ್ನು ಮಾಡಬೇಕಾಯಿತು. ಇಂದಿನ ಅಧ್ಯಾಪಕರಾದ ನಾವು ಅಷ್ಟು ಶ್ರಮವನ್ನೂ ಪಡುವುದಿಲ್ಲ.

ಕೈಗಾರಿಕೆ, ವ್ಯವಸಾಯಗಳಿಗೆ ಈ ಪದ ಹಬ್ಬಿದ ಬಗೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಕೈಗಾರಿಕಾ ಕ್ರಾಂತಿ’ಯ ಮೂಲ ಪ್ರಯೋಗವನ್ನು 1884ರಲ್ಲಿ ಅಚ್ಚಾದ ಆರ್ನಾಲ್ಡ್ ಟಾಯ್ನ್‌ಬೀಯ ಉಪನ್ಯಾಸಗಳು ಜನಪ್ರಿಯಗೊಳಿಸಿದವು. ಆರ್ಥಿಕ ಪರಿವರ್ತನೆಗೆ ಇಲ್ಲದ ಥಟ್ಟನೆಯ ಗುಣವನ್ನು ಈ ಹೆಸರು ಆರೋಪಿಸುತ್ತದೆಂದು ಒಪ್ಪಿಕೊಂಡ ಆಷ್ಟನ್, ರೂಢಿ ಬಲವಾದದ್ದೆಂದು ತನ್ನ 1948ರ ಪುಸ್ತಕಕ್ಕೆ ಅದೇ ಹೆಸರನ್ನಿಟ್ಟನು. 1968ರಲ್ಲಿ ವಿಲಿಯಂ ಗಾಡ್ ‘ಹಸಿರು’ ಎಂಬ ವಿಶೇಷಣವನ್ನು ಸೇರಿಸಿದ್ದು ಕೆಂಪಿಗೆ ಎದುರಾಗಿ ಎಂಬುದನ್ನು ಮಾತ್ರ ಮರೆಯಬಾರದು. ಆಮೇಲೆ ಹಾಲಿಗೂ ಕ್ರಾಂತಿ ಬಂದಿತು!

ನಮಗೆ ಹತ್ತಿರದ ಪ್ರಶ್ನೆ ಕಲ್ಯಾಣದ್ದು. ಹನ್ನೆರಡನೆಯ ಶತಮಾನದ ಶರಣರ ಚಳವಳಿಯನ್ನು ‘ಕಲ್ಯಾಣ ಕ್ರಾಂತಿ’ ಎನ್ನುವುದು ಈಗ ರೂಢಿಯಾಗಿದೆ. ಕುಲ, ಕಾಯಕ, ಸ್ತ್ರೀಪುರುಷ ಭೇದಗಳ ವಿಷಯದಲ್ಲಿ ಶರಣರು ಎತ್ತಿದ ಪ್ರಶ್ನೆಗಳನ್ನು ನೋಡಿದರೆ, 1789ರ ಈಚಿನ ಅರ್ಥದಲ್ಲಿ ಆ ಹೆಸರು ಸಲ್ಲುತ್ತದೆಂದೇ ನನ್ನ ಅಭಿಪ್ರಾಯ. ಆದರೆ ಅದೇ ಪಟ್ಟಣದಲ್ಲಿ, ಅದೇ ದಶಕದಲ್ಲಿ ಇನ್ನೊಂದು ಘಟನೆ ನಡೆದಿದ್ದಿತು. ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳನು 1162ರ ಸುಮಾರಿಗೆ ಸಾರ್ವಭೌಮ ಪದವಿಯನ್ನು ತಾನೇ ಧರಿಸಿದನು. ಅವನ ತರುವಾಯ ಅವನ ಮಕ್ಕಳು ಆಳಿದರು. ಸುಮಾರು 1184ರಲ್ಲಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ರಾಜ್ಯವನ್ನು ಮರಳಿ ಪಡೆದನು. ಸಾಮಂತನಿಂದ ಅಪಹೃತವಾದ ಪ್ರಭುತ್ವವು ಅವನ ಸಂತತಿಯಲ್ಲಿ ಹಾದು ಹಳೆಯ ವಂಶಕ್ಕೆ ಹಿಂದಿರುಗಿದ ಈ ಕಥೆ, ಸ್ಟೂಅರ್ಟರ ಕಥೆಯ ಅಚ್ಚಿನಂತೆಯೇ ಇದೆ. ಹದಿನೇಳನೆಯ ಶತಮಾನದ ಆಂಗ್ಲ ಚರಿತ್ರಕಾರನು ಕಲ್ಯಾಣಕ್ಕೆ ಬಂದಿದ್ದರೆ ಅವನು ರೆವಲ್ಯೂಷನ್ ಎಂದು ಬರೆದುಕೊಳ್ಳುತ್ತಿದ್ದುದು ಬಿಜ್ಜಳನನ್ನು ಕುರಿತು, ಬಸವಣ್ಣನವರನ್ನು ಕುರಿತಲ್ಲ. ಇವೆರಡರಲ್ಲಿ ಸಿಂಹಾಸನಕ್ಕೆ ಸಂಬಂಧಿಸಿದ್ದು ಇಪ್ಪತ್ತೆರಡು ವರ್ಷಗಳಲ್ಲಿ ಸುತ್ತು ಮುಗಿಸಿತು. ಕೆಲವೇ ವರ್ಷಗಳಲ್ಲಿ ಸೇವುಣರೂ ಹೊಯ್ಸಳರೂ ಆ ರಾಜ್ಯವನ್ನು ಹಂಚಿಕೊಂಡರು. ಮನೆ, ಮದುವೆ, ಊಟಗಳಿಗೆ ಸಂಬಂಧಿಸಿದ್ದು ಮುಗಿಯಲಿಲ್ಲ. ಎರಡಕ್ಕೂ ಒಂದೇ ಪದವನ್ನು ಬಳಸಿದರೆ ಶರಣರ ಚಳವಳಿಯನ್ನು ಅರಮನೆಯ ಕಲಹದ ಅಧ್ಯಾಯವಾಗಿ ಓದುವ ತಪ್ಪು ಸುಲಭವಾಗಿ ಆಗುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಆಗುತ್ತಲೂ ಇದೆ. ಈ ಕಾಲವನ್ನು ಕುರಿತ ನಾಟಕಕ್ಕೆ 1970ರ ದಶಕದಲ್ಲಿ ಪಿ. ಲಂಕೇಶರು ‘ಸಂಕ್ರಾಂತಿ’ ಎಂಬ ಹೆಸರನ್ನು ಆರಿಸಿದರು. ಆ ಒಂದು ಉಪಸರ್ಗದಲ್ಲಿರುವ ಎಚ್ಚರವು ನಮ್ಮ ಪಠ್ಯಪುಸ್ತಕ ಸಮಿತಿಗಳಿಗೂ ಬಂದರೆ ಒಳ್ಳೆಯದು.

ಈ ಕಾರಣಗಳಿಂದ ನಾನು ತರಗತಿಯಲ್ಲಿ 1660, 1688 ಮತ್ತು 1757ರ ಪ್ರಯೋಗಗಳಿಗೆ ‘ರಾಜ್ಯಪಲ್ಲಟ’ ಎಂದೂ, ಕೈಗಾರಿಕೆಯ ವಿಷಯದಲ್ಲಿ ‘ಸ್ಥಿತ್ಯಂತರ’ ಎಂದೂ ಬಳಸತೊಡಗಿದ್ದೇನೆ. ‘ಕ್ರಾಂತಿ’ಯನ್ನು 1789ರ ಅರ್ಥಕ್ಕೆ ಮೀಸಲಿಟ್ಟಿದ್ದೇನೆ. ಇದರಲ್ಲಿ ದೋಷವಿಲ್ಲದಿಲ್ಲ. 1688ರಲ್ಲಿ ಪಲ್ಲಟಕ್ಕಿಂತ ಹೆಚ್ಚಿನದೇನೋ ಆಯಿತೆಂದು ವಾದಿಸುವವರಿಗೆ ನನ್ನ ಶಬ್ದ ಹಿಡಿಸಲಾರದು. ಪ್ರಶ್ನೆಪತ್ರಿಕೆಗಳಂತೂ ಹಳೆಯ ಹೆಸರನ್ನೇ ಕೇಳುತ್ತವೆ. ಮೊದಲು ಹೇಳಿದ ವಿದ್ಯಾರ್ಥಿಯು ವಾರ್ಷಿಕ ಪರೀಕ್ಷೆಯಲ್ಲಿ ‘ರಕ್ತರಹಿತ ಕ್ರಾಂತಿ’ ಎಂದು ಬರೆದು, ಅದರ ಪಕ್ಕದಲ್ಲಿ ಕಂಸದೊಳಗೆ ‘ಪಲ್ಲಟ’ ಎಂದು ಸೇರಿಸಿದ್ದನು. ಮೌಲ್ಯಮಾಪಕರು ಆ ಕಂಸದ ಸುತ್ತ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ, ಅರ್ಧ ಅಂಕವನ್ನು ಕಳೆದಿದ್ದರು.